ಮುಚ್ಚಿಗೆಯ ಮೇಲಿನ ತಂಪು

ಕಲಬುರಗಿಯವರು ಬೇಸಿಗೆಯ ಕಷ್ಟವನ್ನು ಬಿಸಿಲು ಎನ್ನುತ್ತಾರೆ. ಉಡುಪಿಯವರು ಸೆಕೆ ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಏಪ್ರಿಲ್ ಕೊನೆಯಲ್ಲಿ ಕಲಬುರಗಿಯ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳಲ್ಲಿ ಉಡುಪಿಯದು 34ರ ಆಸುಪಾಸಿನಲ್ಲಿರುತ್ತದೆ. ಅಂಕಿಗಳನ್ನಷ್ಟೇ ನೋಡಿದರೆ ಕರಾವಳಿಯವರು ಅದೃಷ್ಟವಂತರು. ಆದರೆ ಕಲಬುರಗಿಯಲ್ಲಿ ನೆರಳಿಗೆ ಸರಿದವನ ಬೆವರು ಬೇಗ ಆರುತ್ತದೆ. ಉಡುಪಿಯಲ್ಲಿ ನೆರಳಿನಲ್ಲಿ ಕುಳಿತವನ ಅಂಗಿಯೂ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಸಮುದ್ರದ ಮೇಲಿಂದ ಬರುವ ಗಾಳಿ ಆಗಲೇ ನೀರಿನ ಆವಿಯನ್ನು ಹೊತ್ತು ಬಂದಿರುತ್ತದೆ. ಅದಕ್ಕೆ ಮನುಷ್ಯನ ಮೈಮೇಲಿನ ಬೆವರನ್ನೂ ಹೀರಿಕೊಳ್ಳುವಷ್ಟು ಜಾಗ ಉಳಿದಿರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು.

ಒಳನಾಡಿನ ಉಪಾಯಗಳು ಕರಾವಳಿಯಲ್ಲಿ ಕೈಕೊಡುವುದು ಈ ಕಾರಣಕ್ಕೆ. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಒಣಹವೆಯ ಊರಿನಲ್ಲಿ ಕೋಣೆ ತಂಪಾಗುತ್ತದೆ. ಅದೇ ತತ್ವದ ಮೇಲೆ ನಡೆಯುವ ನೀರಿನ ಕೂಲರ್ ರಾಯಚೂರು, ಕಲಬುರಗಿಗಳಲ್ಲಿ ಮನೆಮನೆಯ ಸಾಮಾನು. ಅದನ್ನು ಉಡುಪಿಗೆ ತಂದು ನಡೆಸಿದರೆ ಸೆಕೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಕರಾವಳಿಯಲ್ಲಿ ತಂಪಿನ ಚರಿತ್ರೆ ಎಂದರೆ ಗಾಳಿಯಲ್ಲಿರುವ ನೀರಿನೊಡನೆ ನಡೆಸಿದ ಹೋರಾಟದ ಚರಿತ್ರೆ.

ಈ ಹೋರಾಟದ ಇತ್ತೀಚಿನ ಅಧ್ಯಾಯ ಉಡುಪಿ, ಮಣಿಪಾಲಗಳ ಹೊಸ ಕಟ್ಟಡಗಳ ತಾರಸಿಯ ಕೆಳಗೆ ನಡೆಯುತ್ತಿದೆ. ಏಣಿ ಏರಿದ ಕೆಲಸಗಾರರು ಸ್ಲ್ಯಾಬಿಗೆ ಕಬ್ಬಿಣದ ಸರಳುಗಳನ್ನು ಇಳಿಬಿಟ್ಟು, ಅವಕ್ಕೆ ಒಂದು ದೊಡ್ಡ ಪೆಟ್ಟಿಗೆಯನ್ನು ತೂಗಿಸುತ್ತಾರೆ. ಪೆಟ್ಟಿಗೆಯಿಂದ ತಗಡಿನ ಚೌಕಾಕಾರದ ಕೊಳವೆಗಳು ಕವಲೊಡೆದು ಕೋಣೆಕೋಣೆಗೆ ಹೋಗುತ್ತವೆ. ಆಮೇಲೆ ಜಿಪ್ಸಮ್ ಹಲಗೆಯ ಹುಸಿ ಮುಚ್ಚಿಗೆ ಎಲ್ಲವನ್ನೂ ಮರೆಮಾಡುತ್ತದೆ. ಕೆಳಗೆ ಕುಳಿತವರಿಗೆ ಕಾಣುವುದು ಜಾಲರಿಗಳು ಮಾತ್ರ. ಡಕ್ಟ್ ಎ.ಸಿ. ಎಂದು ಕರೆಯುವ ಈ ಏರ್ಪಾಡು ಬಂದು ಕುಳಿತಿರುವ ಜಾಗ ಕರಾವಳಿಗೆ ಹೊಸದಲ್ಲ. ಮಾಡಿಗೂ ಕೋಣೆಗೂ ನಡುವಿನ ಆ ಜಾಗದಲ್ಲಿ ಹಿಂದೆಯೂ ಒಂದು ಯಂತ್ರವಿತ್ತು. ಅದರ ಹೆಸರು ಅಟ್ಟ.

ಉಸಿರಾಡುವ ಮಾಡು

ಕರಾವಳಿಯ ಹಳೆಯ ಮನೆಗಳ ಮಾಡು ಮುಳಿಹುಲ್ಲಿನದಾಗಿತ್ತು, ಇಲ್ಲವೇ ಹೆಣೆದ ತೆಂಗಿನ ಮಡಲಿನದು. ಮಳೆಯ ನೀರು ನಿಲ್ಲದೆ ಜಾರಿಹೋಗಲು ಕಡಿದಾದ ಇಳಿಜಾರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಬೇರೆ ದಾರಿಯಿರಲಿಲ್ಲ. ಹುಲ್ಲು ಬಿಸಿಲಿನ ತಾಪವನ್ನು ತಡೆಯುತ್ತಿತ್ತು, ಒಳಗಿನ ಬಿಸಿಗಾಳಿಯನ್ನು ಸಂದುಗಳಿಂದ ಹೊರಬಿಡುತ್ತಿತ್ತು. ಆದರೆ ಬೆಂಕಿಯ ಭಯ, ವರ್ಷ ವರ್ಷವೂ ಹೊದಿಸುವ ಖರ್ಚು ತಪ್ಪಿದ್ದಲ್ಲ.

ಇದನ್ನು ಬದಲಿಸಿದ್ದು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ತೆರೆದರು. ಅದರ ಹಿಂದಿದ್ದವನು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ತಂತ್ರಜ್ಞ. ಒಂದಕ್ಕೊಂದು ಕೊಂಡಿಯಂತೆ ಕೂರುವ ಈ ಹೆಂಚುಗಳು ಮಂಗಳೂರು ಹೆಂಚು ಎಂಬ ಹೆಸರಿನಲ್ಲಿ ದೇಶವಿದೇಶಗಳಿಗೆ ಹೋದವು. ಉಡುಪಿಯ ಮಲ್ಪೆಯಲ್ಲಿಯೂ ಮಿಷನ್ನಿನ ಹೆಂಚಿನ ಕಾರ್ಖಾನೆ ನಡೆಯಿತು. ಹೆಂಚು ಮಳೆಯನ್ನು ತಡೆಯುತ್ತದೆ, ಆದರೆ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಎರಡು ಹೆಂಚುಗಳ ಕೂಡಿಕೆಯಲ್ಲಿ ಉಳಿಯುವ ಸಣ್ಣ ಸಂದುಗಳ ಮೂಲಕ ಬಿಸಿಗಾಳಿ ಮೇಲಕ್ಕೆ ನುಸುಳಿಹೋಗುತ್ತದೆ. ಹೀಗೆ ಹುಲ್ಲಿನ ಮಾಡಿನ ಗುಣ ಹೆಂಚಿನ ಮಾಡಿಗೂ ದಾಟಿ ಬಂತು.

ಅನುಕೂಲಸ್ಥರ ಮನೆಗಳಲ್ಲಿ ಮಾಡಿನ ಕೆಳಗೆ ಹಲಸಿನ ಹಲಗೆಗಳ ಮುಚ್ಚಿಗೆ ಇರುತ್ತಿತ್ತು. ಬಿಸಿಲಿಗೆ ಕಾದ ಹೆಂಚಿನ ತಾಪ ನೇರವಾಗಿ ತಲೆಗೆ ತಟ್ಟದಂತೆ ಅದು ತಡೆಯುತ್ತಿತ್ತು. ಮುಚ್ಚಿಗೆಗೂ ಮಾಡಿಗೂ ನಡುವಿನ ಅಟ್ಟದಲ್ಲಿ ಕಾದ ಗಾಳಿ ಮೇಲೇರಿ ಹೊರಗೆ ಹೋಗುತ್ತಿತ್ತು. ನಡುವೆ ಅಂಗಳವಿದ್ದ ಚೌಕಿ ಮನೆಗಳಲ್ಲಿ ಒಳಗಿನ ಗಾಳಿ ಅಂಗಳದ ಬಾಯಿಯಿಂದಲೂ ಮೇಲಕ್ಕೆ ಹೋಗುತ್ತಿತ್ತು. ಅದರ ಜಾಗಕ್ಕೆ ಚಾವಡಿಯ ಕಡೆಯಿಂದ ಹೊಸ ಗಾಳಿ ಬರುತ್ತಿತ್ತು. ಮುರಕಲ್ಲಿನ ದಪ್ಪ ಗೋಡೆ, ಜಗಲಿಯ ಮೇಲೆ ಇಳಿಬಿಟ್ಟ ಮಾಡು ಇವು ಬಿಸಿಲನ್ನು ಗೋಡೆಯಿಂದ ದೂರವಿಡುತ್ತಿದ್ದವು. ಇಂಥ ಮನೆಗಳನ್ನು ಇಂದು ನೋಡಬಯಸುವವರು ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮಕ್ಕೆ ಹೋಗಬಹುದು. ಕೆಡವಲಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ವಿಜಯನಾಥ ಶೆಣೈ ಅವರು ಅಲ್ಲಿ ಮತ್ತೆ ಕಟ್ಟಿಸಿದರು. ಕುಂಜೂರು ಚೌಕಿ ಮನೆ, ಹರ್ಕೂರು ಒಳಗಿನ ಮನೆ ಅವುಗಳಲ್ಲಿ ಸೇರಿವೆ.

ಗಾಳಿಗೆ ದಾರಿ ಬಿಡುವ ಈ ಬುದ್ಧಿ ಮನೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ಘಟ್ಟದ ಬುಡದ ಕಾರ್ಕಳಕ್ಕೆ ಕಡಲ ಗಾಳಿ ಅಷ್ಟಾಗಿ ತಲುಪುವುದಿಲ್ಲ. ಅಲ್ಲಿ 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಕಡೆಗೂ ಕಂಬಗಳ ಮೊಗಸಾಲೆ. ನಾಲ್ಕು ಬಾಗಿಲುಗಳಿಗೆ ಇರುವ ಕಾರಣ ಧಾರ್ಮಿಕವಾದದ್ದು. ನಾಲ್ಕು ಕಡೆಗೂ ತೀರ್ಥಂಕರರು ಮುಖ ಮಾಡಿ ನಿಂತಿದ್ದಾರೆ. ಆದರೆ ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಒಳಗೆ ಬಂದು ಹೊರಗೆ ಹೋಗುವ ಅನುಕೂಲ ಅದರಿಂದ ತಾನಾಗಿ ಒದಗಿತು. ಕಲ್ಲಿನ ಕಟ್ಟಡವಾದರೂ ಅದರ ನೆರಳಿನಲ್ಲಿ ಕುಳಿತವರಿಗೆ ಇದು ಅನುಭವಕ್ಕೆ ಬರುತ್ತದೆ.

ಹಳೆಯ ವ್ಯವಸ್ಥೆಯ ಮಿತಿಯನ್ನೂ ಹೇಳಬೇಕು. ಅದು ಗಾಳಿಯನ್ನು ಚಲಿಸುವಂತೆ ಮಾಡುತ್ತಿತ್ತು. ಗಾಳಿಯಿಂದ ನೀರನ್ನು ತೆಗೆಯುವ ಶಕ್ತಿ ಅದಕ್ಕಿರಲಿಲ್ಲ. ಆಷಾಢದಲ್ಲಿ ಬಟ್ಟೆ ಒಣಗದು, ಪುಸ್ತಕಕ್ಕೆ ಬೂಸಲು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಅದಕ್ಕಿದ್ದ ಒಂದೇ ಮದ್ದು ಒಲೆಯ ಹೊಗೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿ, ಅಡಿಕೆ, ಬೀಜದ ಭತ್ತ ಇಡುತ್ತಿದ್ದುದು ಬರಿಯ ಜಾಗದ ಅನುಕೂಲಕ್ಕಲ್ಲ. ಹೊಗೆಯ ಬಿಸಿ ಅವನ್ನು ಒಣಗಿಸುತ್ತಿತ್ತು, ಮಾಡಿನ ಮರವನ್ನು ಹುಳುವಿನಿಂದ ಕಾಪಾಡುತ್ತಿತ್ತು. ಹೊಗೆಯಿಲ್ಲದ ಗ್ಯಾಸ್ ಒಲೆ ಬಂದಾಗ ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು. ಆದರೆ ಅಟ್ಟವನ್ನು ಒಣಗಿಸುತ್ತಿದ್ದ ಶಾಖವೂ ಅದರೊಡನೆ ಹೋಯಿತು.

ಮಂಜುಗಡ್ಡೆಯಿಂದ ಯಂತ್ರದವರೆಗೆ

ಹವಾನಿಯಂತ್ರಕ ಕೊಳ್ಳಲು ಅಂಗಡಿಗೆ ಹೋದವರು ಒಂದೂವರೆ ಟನ್, ಎರಡು ಟನ್, ಐದೂವರೆ ಟನ್ ಎಂಬ ಮಾತು ಕೇಳುತ್ತಾರೆ. ಅದು ಯಂತ್ರದ ತೂಕವಲ್ಲ. 2000 ಪೌಂಡ್, ಅಂದರೆ ಅಮೆರಿಕದ ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗಿ ನೀರಾಗುವಾಗ ಎಷ್ಟು ಶಾಖವನ್ನು ಹೀರುತ್ತದೋ ಅಷ್ಟು ಶಾಖವನ್ನು ತೆಗೆಯಬಲ್ಲ ಯಂತ್ರಕ್ಕೆ ಒಂದು ಟನ್ನಿನದು ಎಂದು ಹೆಸರು. ತಂಪೆಂದರೆ ಮಂಜುಗಡ್ಡೆಯೇ ಆಗಿದ್ದ ಕಾಲದ ನೆನಪು ಈ ಅಳತೆಯಲ್ಲಿ ಉಳಿದುಕೊಂಡಿದೆ. ಆ ಕಾಲದಲ್ಲಿ ಅಮೆರಿಕದ ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ನೀರನ್ನು ಗರಗಸದಿಂದ ಕೊಯ್ದು ಹಡಗಿನಲ್ಲಿ ಮಾರುತ್ತಿದ್ದರು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಕಳಿಸಿದ ಹಡಗು ನಾಲ್ಕು ತಿಂಗಳ ಪ್ರಯಾಣದ ನಂತರ ಕಲ್ಕತ್ತಾ ತಲುಪಿತು. ದಾರಿಯಲ್ಲಿ ಕರಗಿದ್ದು ಕರಗಿ ಉಳಿದ ಗಡ್ಡೆಯೂ ಲಾಭಕ್ಕೆ ಮಾರಾಟವಾಯಿತು. ದಕ್ಷಿಣ ಕನ್ನಡವನ್ನು ಆಳುತ್ತಿದ್ದ ಮದ್ರಾಸಿನಲ್ಲಿ ಸಮುದ್ರದ ದಡದ ಐಸ್ ಹೌಸ್ ಈ ವ್ಯಾಪಾರಕ್ಕೆಂದೇ ಕಟ್ಟಿದ್ದು.

ಮಂಜುಗಡ್ಡೆಯನ್ನು ಮಾಡಿನ ಕಡೆಗೆ ಏರಿಸಿದವನು ಜಾನ್ ಗೋರಿ ಎಂಬ ವೈದ್ಯ. ಅಮೆರಿಕದ ಫ್ಲಾರಿಡಾದ ಅಪಲಾಚಿಕೋಲ ಎಂಬ ಬಂದರಿನಲ್ಲಿ ಅವನ ವೃತ್ತಿ. ಅದೂ ಕರಾವಳಿ, ಅಲ್ಲೂ ಸೆಕೆ, ಅಲ್ಲೂ ಜ್ವರ. ಜ್ವರದವರ ಕೋಣೆಯ ಮುಚ್ಚಿಗೆಯ ಬಳಿ ಮಂಜುಗಡ್ಡೆಯ ಬೋಗುಣಿಯನ್ನು ತೂಗುಹಾಕಿದರೆ ತಣ್ಣನೆಯ ಗಾಳಿ ಭಾರವಾಗಿ ತಾನೇ ಕೆಳಗಿಳಿಯುತ್ತದೆಂದು ಅವನು ಕಂಡುಕೊಂಡ. ಮಂಜುಗಡ್ಡೆಗೆ ಹಡಗಿನ ದಾರಿ ಕಾಯುವುದು ತಪ್ಪಲೆಂದು ಗಾಳಿಯನ್ನು ಒತ್ತಿ ಹಿಗ್ಗಿಸುವ ಯಂತ್ರವೊಂದನ್ನು ರಚಿಸಿ 1851ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹಣ ಹೂಡುವವರು ಸಿಗಲಿಲ್ಲ. 1855ರಲ್ಲಿ ಅವನು ತೀರಿಕೊಂಡ.

ಇಂದಿನ ಹವಾನಿಯಂತ್ರಣ ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿಯಲ್ಲ, ಕಾಗದಕ್ಕಾಗಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಸ್ಯಾಕೆಟ್-ವಿಲ್ಹೆಲ್ಮ್ಸ್ ಮುದ್ರಣಾಲಯಕ್ಕೆ ಬೇಸಿಗೆಯ ತೇವ ದೊಡ್ಡ ತಲೆನೋವಾಗಿತ್ತು. ಒಂದು ಬಣ್ಣ ಅಚ್ಚಾಗಿ ಇನ್ನೊಂದು ಬಣ್ಣ ಬೀಳುವಷ್ಟರಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತಿತ್ತು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್ 1902ರ ಜುಲೈಯಲ್ಲಿ ಇದಕ್ಕೊಂದು ಪರಿಹಾರದ ನಕ್ಷೆ ಸಿದ್ಧಪಡಿಸಿದ. ತಣ್ಣನೆಯ ಕೊಳವೆಗಳ ಸುರುಳಿಯ ಮೇಲೆ ಗಾಳಿಯನ್ನು ಹಾಯಿಸಿದರೆ ಅದರ ತೇವ ಹನಿಯಾಗಿ ಕೆಳಗೆ ಬೀಳುತ್ತದೆ. ಉಳಿದ ಒಣಗಾಳಿಯನ್ನು ಕೊಳವೆಯ ಮೂಲಕ ಕೋಣೆಗೆ ಕಳಿಸಬಹುದು. ತಂಬಿಗೆಯ ತಣ್ಣೀರಿನ ಹೊರಮೈ ಬೆವರುವುದನ್ನು ಎಲ್ಲರೂ ನೋಡಿರುತ್ತಾರೆ. ಕ್ಯಾರಿಯರ್ ಅದನ್ನು ಲೆಕ್ಕಕ್ಕೆ ತಂದ. ತೇವ ತೆಗೆಯುವ ಈ ಯಂತ್ರ ಗಾಳಿಯನ್ನು ತಂಪೂ ಮಾಡುತ್ತದೆಂಬುದು ಮುಂದೆ ಚಿತ್ರಮಂದಿರಗಳಿಗೂ ಕಚೇರಿಗಳಿಗೂ ಮನೆಗಳಿಗೂ ಅದನ್ನು ತಂದಿತು.

ಮಣಿಪಾಲದ ಮಟ್ಟಿಗೆ ಈ ಕಥೆ ದೂರದ್ದಲ್ಲ. ಆ ಗುಡ್ಡದ ಮೇಲೆ 1941ರಲ್ಲಿ ಮಣಿಪಾಲ್ ಪವರ್ ಪ್ರೆಸ್ ಆರಂಭವಾಯಿತು. 1970ರ ಜನವರಿ 1ರಂದು ಉದಯವಾಣಿ ಹೊರಬಂತು. ಜೂನ್ ತಿಂಗಳಲ್ಲಿ ಕಾಗದ ಹೇಗೆ ವರ್ತಿಸುತ್ತದೆಂಬುದನ್ನು ಕರಾವಳಿಯ ಮುದ್ರಕರಿಗೆ ಹೇಳಿಕೊಡಬೇಕಿಲ್ಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್‌ಬಾ ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಅದೇ ಗುಡ್ಡ ಆಸ್ಪತ್ರೆಯ ಊರೂ ಆಯಿತು. ಶಸ್ತ್ರಚಿಕಿತ್ಸೆಯ ಕೋಣೆಗೆ ಕಿಟಕಿ ತೆರೆದಿಡುವಂತಿಲ್ಲ. ಅಲ್ಲಿಗೆ ಬೇಕಾದದ್ದು ಸೋಸಿದ, ಒಣಗಿಸಿದ, ಅಳತೆಯ ಗಾಳಿ. ಅದನ್ನು ಒಂದು ಕಡೆ ಸಿದ್ಧಮಾಡಿ ಮುಚ್ಚಿಗೆಯ ಮೇಲಿನ ಕೊಳವೆಯಿಂದ ಹಂಚುವುದೇ ಸರಿಯಾದ ದಾರಿ. ಆಸ್ಪತ್ರೆ, ಬ್ಯಾಂಕು, ಕಂಪ್ಯೂಟರ್ ಕೋಣೆಗಳಲ್ಲಿ ಜನ ಕಂಡ ಈ ಏರ್ಪಾಡು ನಂತರ ಮದುವೆಯ ಸಭಾಂಗಣಕ್ಕೂ ಅಲ್ಲಿಂದ ಮನೆಯ ಚಾವಡಿಗೂ ಬಂತು.

ಒಂದು ಕೊಡ ನೀರು

ಈ ಪೆಟ್ಟಿಗೆಯನ್ನು ಕೂರಿಸುವ ಕೆಲಸದಲ್ಲಿ ಕರಾವಳಿಗೆ ವಿಶೇಷವಾದದ್ದು ಏನು ಎಂಬುದಕ್ಕೆ ಸಣ್ಣದೊಂದು ಲೆಕ್ಕ ಸಾಕು. 32 ಡಿಗ್ರಿ ಉಷ್ಣತೆ, ಶೇ. 70ರಷ್ಟು ಆರ್ದ್ರತೆ ಇರುವ ಉಡುಪಿಯ ಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು 24 ಡಿಗ್ರಿಗೆ, ಶೇ. 55ರ ಆರ್ದ್ರತೆಗೆ ಇಳಿಸಿದರೆ ಉಳಿಯುವುದು 12 ಗ್ರಾಂ. ಇಪ್ಪತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 100 ಘನಮೀಟರ್ ಗಾಳಿ ಹಿಡಿಯುತ್ತದೆ. ಅಂದರೆ ಅಷ್ಟು ಗಾಳಿಯಿಂದ ಒಂದು ಲೀಟರಿಗೂ ಮಿಕ್ಕಿ ನೀರು ಹೊರಬರಬೇಕು. ಬಾಗಿಲು ಕಿಟಕಿಗಳ ಸಂದಿನಿಂದ ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲಾಗುವ ಕೋಣೆಯಾದರೆ ಹತ್ತು ಗಂಟೆಗೆ ಒಂದು ಕೊಡ ನೀರು. ಹಾಗೆ ನುಗ್ಗುವ ಗಾಳಿಯ ಉಷ್ಣತೆಯನ್ನು ಇಳಿಸಲು ಎಷ್ಟು ಶಾಖ ತೆಗೆಯಬೇಕೋ ಅದರ ಮೂರು ಪಟ್ಟನ್ನು ಅದರ ಆವಿಯನ್ನು ನೀರಾಗಿಸಲು ತೆಗೆಯಬೇಕಾಗುತ್ತದೆ.

ಆದ್ದರಿಂದ ಅನುಭವಿ ಕೆಲಸಗಾರ ಮೊದಲು ನೋಡುವುದು ನೀರಿನ ದಾರಿಯನ್ನು. ಸುರುಳಿಯ ಕೆಳಗಿನ ತಟ್ಟೆ ನೀರು ಹೋಗುವ ಕಡೆಗೆ ತುಸು ಓರೆಯಾಗಿರಬೇಕು. ಕೊಳವೆಗೆ ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಬೇಕು. ನಡುವೆ ಎಲ್ಲಿಯೂ ಹೊಟ್ಟೆ ಬಿಡಬಾರದು. ಬಿಟ್ಟರೆ ಅಲ್ಲಿ ಪಾಚಿ ಕಟ್ಟಿ, ತಟ್ಟೆ ತುಂಬಿ, ನೀರು ಮುಚ್ಚಿಗೆಯ ಮೇಲೆ ಬೀಳುತ್ತದೆ. ಪೆಟ್ಟಿಗೆಯ ಕೆಳಗೆ ಮನುಷ್ಯನೊಬ್ಬ ತಲೆ ತೂರಿಸುವಷ್ಟು ಬಾಗಿಲು ಬಿಡಬೇಕು. ಅಂದಕ್ಕಾಗಿ ಅದನ್ನು ಮುಚ್ಚಿಸಿದವರು ಮುಂದೆ ಮುಚ್ಚಿಗೆಯನ್ನೇ ಒಡೆಸಬೇಕಾಗುತ್ತದೆ. ತಾಮ್ರದ ಕೊಳವೆಗಳಿಗೆ ನೈಟ್ರೋಜನ್ ಒತ್ತಿ ಸೋರಿಕೆ ಪರೀಕ್ಷಿಸಿ, ಒಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಪೂರ್ತಿ ಎಳೆದ ಮೇಲಷ್ಟೇ ಶೀತಕ ಅನಿಲವನ್ನು ಬಿಡಬೇಕು.

ಇನ್ನೊಂದು ತಪ್ಪು ದೊಡ್ಡ ಯಂತ್ರದ ಆಸೆ. ಬೇಕಾದ್ದಕ್ಕಿಂತ ದೊಡ್ಡದಾದ ಯಂತ್ರ ಕೋಣೆಯ ಉಷ್ಣತೆಯನ್ನು ಬೇಗ ಇಳಿಸಿ ನಿಂತುಬಿಡುತ್ತದೆ. ನೀರು ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿರುತ್ತದೆ, ಆದರೆ ಚಂಡಿಯಾಗಿರುತ್ತದೆ. ಹಾಸಿಗೆ, ಬೀರು, ಗೋಡೆಯ ಮೂಲೆಗಳಲ್ಲಿ ಬೂಸಲು ಕಾಣಿಸಿಕೊಳ್ಳುತ್ತದೆ. ಒಳನಾಡಿನಲ್ಲಿ ಕ್ಷಮಿಸಬಹುದಾದ ಈ ತಪ್ಪಿಗೆ ಕರಾವಳಿಯಲ್ಲಿ ಕ್ಷಮೆಯಿಲ್ಲ.

ಎರಡು ಮುಚ್ಚಿಗೆಗಳ ಜಗಳ

ಎಲ್ಲಕ್ಕಿಂತ ದೊಡ್ಡ ಅಪಾಯ ಹಳೆಯ ಹೆಂಚಿನ ಮನೆಗೆ ಈ ಯಂತ್ರವನ್ನು ತರುವಲ್ಲಿದೆ. ಅಜ್ಜನ ಕಾಲದ ಮನೆಯನ್ನು ಕೆಡವದೆ ಉಳಿಸಿಕೊಳ್ಳಬೇಕೆಂಬ ಒಳ್ಳೆಯ ಮನಸ್ಸಿನವರೇ ಈ ಅಪಾಯಕ್ಕೆ ಸಿಕ್ಕುವುದು. ಹಲಸಿನ ಮುಚ್ಚಿಗೆಯ ಅಂದ ಕೆಡಬಾರದೆಂದು ಅವರು ಡಕ್ಟುಗಳನ್ನು ಅಟ್ಟದ ಮೇಲೆ ಹಾಯಿಸುತ್ತಾರೆ. ಹೆಂಚಿನ ಅಟ್ಟವೆಂದರೆ ಲೆಕ್ಕಕ್ಕೆ ಮನೆಯ ಹೊರಗೇ. ಅಲ್ಲಿರುವುದು ಹೊರಗಿನ ತೇವದ ಗಾಳಿ. 32 ಡಿಗ್ರಿಯ, ಶೇ. 70ರ ಆರ್ದ್ರತೆಯ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಹನಿಗಟ್ಟುತ್ತದೆ. ಡಕ್ಟಿನೊಳಗಿನ ಗಾಳಿ 14 ಡಿಗ್ರಿಯ ಆಸುಪಾಸಿನದು. ಡಕ್ಟಿಗೆ ಸುತ್ತಿದ ರಬ್ಬರಿನ ಹೊದಿಕೆ ಒಂದು ಕೂಡಿಕೆಯಲ್ಲಿ ಬಿರುಕು ಬಿಟ್ಟರೂ ಸಾಕು, ಅಲ್ಲಿಂದ ದಿನವೂ ಹನಿ ಬೀಳುತ್ತದೆ. ಒಲೆಯ ಹೊಗೆ ಈಗಿಲ್ಲ. ಒದ್ದೆಯಾದ ಹಲಗೆಯನ್ನು ಒಣಗಿಸುವವರಿಲ್ಲ; ಗೆದ್ದಲಿಗೆ ಅದು ಆಹ್ವಾನ. ನೂರು ವರ್ಷದ ಮಳೆಗೆ ಜಗ್ಗದ ಮುಚ್ಚಿಗೆ ಕೆಲವೇ ವರ್ಷಗಳಲ್ಲಿ ಕೊಳೆಯಬಹುದು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ತಂಪು ಬೇಕಾದ ಒಂದೆರಡು ಕೋಣೆಗಳನ್ನು ಪ್ರತ್ಯೇಕಿಸಿ, ಅವುಗಳ ಒಳಗೇ ಬಿಗಿಯಾದ ಇನ್ನೊಂದು ಮುಚ್ಚಿಗೆ ಕಟ್ಟಿ, ಪೆಟ್ಟಿಗೆ ಹಾಗೂ ಡಕ್ಟುಗಳನ್ನು ಆ ಒಣ ಜಾಗದಲ್ಲಿ ಇಡಬಹುದು. ಉಳಿದ ಮನೆಯನ್ನು ಅದರ ಹಳೆಯ ಉಸಿರಾಟಕ್ಕೆ ಬಿಡಬಹುದು. ಹಳೆಯ ಮನೆ ಗಾಳಿಗೆ ತೆರೆದಿದ್ದರಿಂದ ಬದುಕಿತು; ಹೊಸ ಯಂತ್ರ ಮುಚ್ಚಿದ ಕೋಣೆಯಲ್ಲಷ್ಟೇ ಕೆಲಸ ಮಾಡುತ್ತದೆ. ಅರ್ಧ ತೆರೆದು ಅರ್ಧ ಮುಚ್ಚಿದರೆ ಎರಡರ ಪ್ರಯೋಜನವೂ ಸಿಗದು.

ಕಾಪುವಿನಲ್ಲಿ ಇನ್ನೊಂದು ಶತ್ರುವಿದೆ. ಅಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲೆ ಇಂದಿಗೂ ನಿಂತಿದೆ. ಆದರೆ ಕಡಲಿಗೆ ಎದುರಾಗಿ ಇಟ್ಟ ಹವಾನಿಯಂತ್ರಕದ ಹೊರಪೆಟ್ಟಿಗೆಗೆ ಅಷ್ಟು ಆಯುಷ್ಯವಿಲ್ಲ. ಅದರ ತಾಮ್ರದ ಕೊಳವೆ ಹಾಗೂ ಅಲ್ಯೂಮಿನಿಯಮ್ ಎಲೆಗಳು ಕೂಡುವಲ್ಲಿ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಮ್ ಪುಡಿಯಾಗುತ್ತ ಹೋಗುತ್ತದೆ. ಹೊರಪೆಟ್ಟಿಗೆಯನ್ನು ಮನೆಯ ಪೂರ್ವದ ಮಗ್ಗುಲಿಗೆ ಇಡುವುದು, ಎಲೆಗಳಿಗೆ ಲೇಪನವಿರುವ ಮಾದರಿ ಕೊಳ್ಳುವುದು, ಆಗಾಗ ಸಿಹಿನೀರಿನಿಂದ ತೊಳೆಯುವುದು ಇವು ಅಲ್ಲಿ ಅಗತ್ಯ.

ಇದೇ ಕಾಪು ತಾಲ್ಲೂಕಿನ ಎಲ್ಲೂರು, ನಂದಿಕೂರು ಭಾಗದಲ್ಲಿ 1200 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲು ವಿದೇಶಗಳಿಂದ ನವಮಂಗಳೂರು ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಸಾಗುತ್ತದೆ. ಒಂದು ಕಾಲಕ್ಕೆ ಈ ದೇಶದ ಬಂದರುಗಳಿಗೆ ತಂಪು ಮಂಜುಗಡ್ಡೆಯಾಗಿ ಬರುತ್ತಿತ್ತು. ಈಗ ಕಲ್ಲಿದ್ದಲಾಗಿ ಬರುತ್ತದೆ. ಕೋಣೆಯಿಂದ ತೆಗೆದ ಶಾಖವೂ ಅದನ್ನು ತೆಗೆಯಲು ಸುಟ್ಟ ಇಂಧನದ ಶಾಖವೂ ಊರಿನ ಗಾಳಿಗೇ ಸೇರುತ್ತವೆ. ಓಝೋನ್ ಪದರವನ್ನು ಕೆಡಿಸುವ ಶೀತಕಗಳಿಗೆ 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. ಅವುಗಳ ಜಾಗಕ್ಕೆ ಬಂದ, ಭೂಮಿಯನ್ನು ಬಿಸಿಮಾಡುವ ಅನಿಲಗಳನ್ನೂ ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ಇನ್ನೊಂದು ಒಪ್ಪಂದವಾಯಿತು. ಭಾರತ 2019ರಲ್ಲಿ ಪ್ರಕಟಿಸಿದ ತಂಪಿನ ಕ್ರಿಯಾಯೋಜನೆಯಲ್ಲಿ ಯಂತ್ರದ ಸುಧಾರಣೆಯ ಜೊತೆಗೆ ತಾನಾಗಿ ತಂಪಿರುವ ಕಟ್ಟಡಗಳಿಗೂ ಜಾಗವಿದೆ.

ಉಡುಪಿಯ ಸುತ್ತಮುತ್ತ ಈಚಿನ ವರ್ಷಗಳಲ್ಲಿ ಇನ್ನೊಂದು ನೋಟ ಸಾಮಾನ್ಯವಾಗಿದೆ. ಕಾಂಕ್ರೀಟ್ ತಾರಸಿಯ ಮನೆ ಕಟ್ಟಿಸಿದವರು ಮಳೆಯ ಸೋರಿಕೆಗೂ ಬೇಸಿಗೆಯ ತಾಪಕ್ಕೂ ಬೇಸತ್ತು ತಾರಸಿಯ ಮೇಲೆ ಕಂಬ ನಿಲ್ಲಿಸಿ ತಗಡಿನ ಮಾಡು ಹೊದಿಸುತ್ತಾರೆ. ನಡುವಿನ ಜಾಗದಲ್ಲಿ ಬಟ್ಟೆ ಒಣಗುತ್ತದೆ, ತೆಂಗಿನಕಾಯಿ ರಾಶಿ ಬೀಳುತ್ತದೆ, ಗಾಳಿ ಓಡಾಡುತ್ತದೆ. ಕೆಳಗಿನ ಕೋಣೆಯಲ್ಲಿ ಡಕ್ಟ್ ಎ.ಸಿ. ಇದ್ದರೂ ಅದರ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಹೆಸರು ಹೇಳದೆ ಅವರು ಮತ್ತೆ ಕಟ್ಟಿಕೊಂಡಿರುವುದು ಅಟ್ಟವನ್ನೇ.